ಓದಲು ಬಾರದ ಒಪ್ಪಂದ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸವಿತಾ ಎನ್ನುವುದೂ ನಾನಿಟ್ಟ ಹೆಸರು.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ದಂಪತಿ. ಬೇರೆ ಇರಲು ಶುರುಮಾಡಿ ಒಂದೂವರೆ ವರ್ಷ ಕಳೆದಿತ್ತು. ರಾಜಿ ಮಾತಿಗೆ ನನ್ನ ಹತ್ತಿರ ಬಂದಾಗ ಕೈಯಲ್ಲೊಂದು ಛಾಪಾ ಕಾಗದ. 'ಇಂದಿನಿಂದ ಗಂಡ-ಹೆಂಡತಿ ಸಂಬಂಧ ಇಲ್ಲ' ಅಂತ ಎರಡೂ ಕಡೆಯ ಹಿರಿಯರು ಕೂತು ಬರೆಸಿದ್ದು, ಮಲಯಾಳದಲ್ಲಿ. ಸವಿತಾ ಕಲಿತದ್ದು ಕನ್ನಡ ಶಾಲೆಯಲ್ಲಿ. "ನಂಗೆ ಓದ್ಲಿಕ್ಕೆ ಬರುದಿಲ್ಲ ಮೇಡಂ. ದೊಡ್ಡಪ್ಪ ಸೈನ್ ಹಾಕು ಹೇಳಿದ್ರು, ಹಾಕಿದೆ."

ಆ ಕಾಗದದಿಂದ ಇವರಿಗೆ ವಿಚ್ಛೇದನ ಸಿಗುವುದಿಲ್ಲ. ನೋಟರಿ ಮುದ್ರೆ ಬಿದ್ದರೂ ಅಷ್ಟೇ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಕೇಸು ಬೀಳಬಹುದು.

"ಹಾಗಾದ್ರೆ ಕೋರ್ಟಿಗೆ ಹೋಗ್ಲೇಬೇಕಾ?" ಗಂಡನಿಗೆ ಸಿಟ್ಟು ಬಂತು.

ಹೋಗಬೇಕು, ಆದರೆ ಜಗಳ ಹೊತ್ತುಕೊಂಡಲ್ಲ ಅಂದೆ. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, ಒಂದು ವರ್ಷ ಬೇರೆ ಇದ್ದವರು ಒಪ್ಪಿ ಜಂಟಿ ಅರ್ಜಿ ಹಾಕಬಹುದು. ಆಮೇಲೆ ಆರು ತಿಂಗಳು ಕಾಯಬೇಕು. ಒಂದೂವರೆ ವರ್ಷ ಬೇರೆ ಇದ್ದು, ಹಣ-ಮಕ್ಕಳ ವಿಷಯ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಹೊಡೆತ, ಬೆದರಿಕೆ ಇದ್ದಲ್ಲಿ ರಾಜಿ ಮಾತಿಗೆ ನಾನು ಕೂರುವುದಿಲ್ಲ. ಇಲ್ಲಿ ಅದಿರಲಿಲ್ಲ. ಹಿರಿಯರನ್ನು ಹೊರಗೆ ಕೂರಿಸಿದೆ. ಅವರಿಗೆ ಬೇಸರವಾಯಿತು, ಆಗಲಿ.

ನಾಲ್ಕು ಸಲ ಕೂತೆವು. ನಿಜವಾದ ಗಂಟು ಇದ್ದದ್ದು ಸವಿತಾರ ಎಂಟು ಪವನು ಚಿನ್ನದಲ್ಲಿ. ಗಂಡ ಅದನ್ನು ಅಡವಿಟ್ಟಿದ್ದ. ಆ ಹಣ ನಾದಿನಿಯ ಮದುವೆಗೆ ಖರ್ಚಾಗಿದೆ ಅಂತ ಸವಿತಾ ನಂಬಿದ್ದರು. ಆತ ರಸೀದಿ ತಂದು ತೋರಿಸಿದ. ತೋಟದ ಬೋರ್‌ವೆಲ್‌ಗೆ ಹೋಗಿತ್ತು. "ನೀರೂ ಸಿಗಲಿಲ್ಲ," ಅಂತ ತಲೆ ತಗ್ಗಿಸಿದ. ಇದನ್ನು ಹೇಳಲು ನಾಚಿಕೆಯಾಗಿ ಎರಡು ವರ್ಷ ಸುಮ್ನೆ ಇದ್ದನಂತೆ! ಆದರೂ ಸ್ತ್ರೀಧನ, ಅಂದರೆ ಹೆಣ್ಣಿನ ಸ್ವಂತ ಒಡವೆ-ಆಸ್ತಿ, ಹೆಂಡತಿಯದೇ, ವಾಪಸು ಕೊಡಬೇಕು ಅಂದೆ. ಅಡಿಕೆ ಮಾರಿ ಬಿಡಿಸಿಕೊಡಲು ಒಪ್ಪಿದ. 'ಆದಷ್ಟು ಬೇಗ' ಬೇಡ, ತಾರೀಕು ಹಾಕಿ ಅಂದೆ.

ಮಗಳಿಗೆ ಒಂಬತ್ತು ವರ್ಷ. ತಾಯಿ ಹತ್ತಿರ ಇರುವುದು, ವಾರ ಬಿಟ್ಟು ವಾರ ಶನಿವಾರ-ಭಾನುವಾರ ಮತ್ತು ಓಣಂ ರಜೆಯ ಅರ್ಧ ಅಪ್ಪನ ಮನೆಯಲ್ಲಿ. ಇದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ವಕೀಲರ ಖರ್ಚಿನ ಚಿಂತೆ ಸವಿತಾಗೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ.

ಹೊಸ ಒಪ್ಪಂದವನ್ನು ಕನ್ನಡದಲ್ಲೂ ಬರೆಸಿದೆವು. ಸವಿತಾ ಗಟ್ಟಿಯಾಗಿ ಓದಿದರು. ಎರಡನೇ ಪುಟದಲ್ಲಿ ನಿಂತರು. ಎಂಟು ಪವನು ಇರಬೇಕಾದಲ್ಲಿ ಏಳು ಅಂತ ಇತ್ತು. ತಿದ್ದಿಸಿ, ಆಮೇಲೆ ಸೈನ್ ಹಾಕಿದರು.