ಅರಬಿ ಕಲಿಯಲು ಯಾವ ಊರು?

ಪ್ರಶ್ನೆ: ನಾನು ಕೋಲಾರದ ನಿವೃತ್ತ ಶಿಕ್ಷಕಿ. ಪ್ರವಾಸದ ಜೊತೆಗೆ ಅರಬಿ ಭಾಷೆಯನ್ನೂ ಕಲಿಯಲು ಒಂದು ತಿಂಗಳ ಮಟ್ಟಿಗೆ ಹೊರದೇಶಕ್ಕೆ ಹೋಗಬೇಕೆಂದಿದ್ದೇನೆ. ಎಲ್ಲಿಗೆ ಹೋಗುವುದು ಸೂಕ್ತ?

ಉತ್ತರ: ಊರಿಗಿಂತ ಮೊದಲು ಯಾವ ಅರಬಿ ಬೇಕೆಂಬುದನ್ನು ತೀರ್ಮಾನಿಸಿಕೊಳ್ಳಿ. ಪತ್ರಿಕೆ, ಪುಸ್ತಕ, ವಾರ್ತೆಗಳ ಭಾಷೆಯಾದ ‘ಫುಸ್ಹಾ’ ಎಲ್ಲ ಅರಬ್ ದೇಶಗಳಿಗೂ ಸಮಾನವಾದರೂ ಮನೆಮಾತಾಗಿ ಅದು ಎಲ್ಲಿಯೂ ಇಲ್ಲ. ತೆಲುಗು ಬೆರೆತ ನಮ್ಮ ಕೋಲಾರದ ಸಂತೆಯ ಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವ ಅಂತರಕ್ಕಿಂತ ಅಲ್ಲಿ ಫುಸ್ಹಾಕ್ಕೂ ಆಡುಮಾತಿಗೂ ಇರುವ ಅಂತರ ದೊಡ್ಡದು. ಕೈರೋದ ಆಡುಮಾತು ಈಜಿಪ್ಟಿನ ಸಿನಿಮಾಗಳಿಂದಾಗಿ ಅರಬ್ ಜಗತ್ತಿನಲ್ಲೆಲ್ಲ ಪರಿಚಿತ. ಮೊರಾಕ್ಕೊದ ಆಡುಮಾತಾದ ‘ದಾರಿಜಾ’ ಇತರ ಅರಬರಿಗೇ ಕಷ್ಟವಾಗುವುದರಿಂದ ಮೊದಲ ಕಲಿಕೆಗೆ ಅದನ್ನು ನಾನು ಸೂಚಿಸಲಾರೆ. ಜೋರ್ಡಾನಿನ ರಾಜಧಾನಿ ಅಮ್ಮಾನಿನಲ್ಲಿ ಫುಸ್ಹಾ, ಆಡುಮಾತು ಎರಡನ್ನೂ ಕಲಿಸುವ ಸಂಸ್ಥೆಗಳಿವೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರವಾದ್ದರಿಂದ ಬಂಡೆಯಲ್ಲಿ ಕೊರೆದ ಪ್ರಾಚೀನ ನಗರ ಪೆಟ್ರಾದ ಪ್ರವಾಸವನ್ನು ಆ ದಿನಗಳಿಗೆ ಇಟ್ಟುಕೊಳ್ಳಬಹುದು.

ಬಲದಿಂದ ಎಡಕ್ಕೆ ಬರೆಯುವ 28 ಅಕ್ಷರಗಳನ್ನು ಹೊರಡುವ ಮೊದಲೇ ಮನೆಯಲ್ಲಿ ಕಲಿತುಬಿಡಿ, ಇಲ್ಲವಾದರೆ ದುಡ್ಡು ಕೊಟ್ಟ ತರಗತಿಯ ಮೊದಲ ದಿನಗಳು ಅಕ್ಷರಾಭ್ಯಾಸದಲ್ಲೇ ಕಳೆಯುತ್ತವೆ. ವಕೀಲ, ತಾರೀಖು, ಹಾಜರು, ಜಿಲ್ಲೆ ಎಂಬ ಅರಬಿ ಮೂಲದ ಪದಗಳನ್ನು ನೀವು ಈಗಾಗಲೇ ದಿನವೂ ಆಡುತ್ತಿದ್ದೀರಿ! ರಂಜಾನ್ ತಿಂಗಳಲ್ಲಿ ಕಚೇರಿ, ಹೋಟೆಲುಗಳ ವೇಳೆ ಬದಲಾಗುವುದನ್ನು ಗಮನಿಸಿ ದಿನಾಂಕ ಗೊತ್ತುಮಾಡಿಕೊಳ್ಳಿ. ಪ್ರವಾಸಿ ವೀಸಾದ ಮೇಲೆ ತರಗತಿಗೆ ಸೇರಬಹುದೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ.