ಅವರಿಗೆ ಹಾಕಿಸಬೇಕು ಮೇಡಂ, ನನಗ್ಯಾಕೆ?

ದೀರ್ಘ ಕಾಯಿಲೆ ಇರುವವರ ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಔಷಧಿ ಬರೆಯುವವಳಲ್ಲ. ಈ ಪ್ರಕರಣದಲ್ಲಿ ಹೆಸರು, ಊರು, ಒಂದಿಷ್ಟು ವಿವರ ಬದಲಾಯಿಸಿದ್ದೇನೆ. ಬದಲಾಯಿಸದಿದ್ದರೂ ಯಾರೆಂದು ಗೊತ್ತಾಗುತ್ತಿರಲಿಲ್ಲವೇನೋ, ಯಾಕಂದ್ರೆ ಇಂಥವರು ತಿಂಗಳಿಗೊಬ್ಬರಾದರೂ ಬರುತ್ತಾರೆ.

ಆಕೆಯನ್ನು ಸರೋಜಮ್ಮ ಅನ್ನೋಣ. ವಯಸ್ಸು 67. ಗಂಡನಿಗೆ 74, ಬೀಡಿ ಸೇದಿ ಸೇದಿ ಬಂದ ಸಿಒಪಿಡಿ, ಅಂದರೆ ಉಸಿರಾಟಕ್ಕೆ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆ. ಡಾಕ್ಟರು ನ್ಯುಮೋಕಾಕಲ್ ಲಸಿಕೆ (ನ್ಯುಮೋನಿಯಾ ತರುವ ಒಂದು ರೋಗಾಣುವಿನ ವಿರುದ್ಧದ್ದು) ಹಾಕಿಸಿ ಅಂದರೆ ಗಂಡ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. "ಅದು ಮಕ್ಕಳ ಇಂಜೆಕ್ಷನ್ನು. ನಂಗೆ ಒಂದ್ಸಲ ಬಂದು ಹೋಯ್ತಲ್ಲ, ಇನ್ಯಾಕೆ?"

ಮಕ್ಕಳ ಇಂಜೆಕ್ಷನ್ ಅನ್ನೋದು ಸುಳ್ಳೇನಲ್ಲ. ಸರ್ಕಾರದ ಲಸಿಕೆ ಪಟ್ಟಿಗೆ ಇದು 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸೇರಿ, 2021ರಲ್ಲಿ ಇಡೀ ದೇಶಕ್ಕೆ ಬಂತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಮೂರೂ ಉಚಿತ. ಅವರ ಮೊಮ್ಮಗಳಿಗೂ ಆಗಿದೆ. ಆದರೆ ಈ ರೋಗಾಣು ಜಾಸ್ತಿ ಕಾಡುವುದು ಎಳೆಯರನ್ನು ಮತ್ತು ವಯಸ್ಸಾದವರನ್ನು. ಅದರಲ್ಲಿ ಸುಮಾರು ನೂರು ಬಗೆ ಇವೆ, ಒಂದು ಸಲ ಬಂದು ಹೋದರೆ ಇನ್ನು ಬರಲ್ಲ ಅನ್ನುವ ಹಾಗಿಲ್ಲ.

ಎರಡು ಭೇಟಿ ಗಂಡನ ಹಟದ ಮೇಲೇ ಕಳೆಯಿತು. ಮೂರನೇ ಸಲ ಆಕೆ ಬಂದಾಗ, ಸುಮ್ನೆ ಮಾತಿಗೆ ಕೇಳಿದೆ, "ನಿಮಗೆ ಶುಗರ್ ಎಷ್ಟು ವರ್ಷದಿಂದ ಅಮ್ಮ?"

"ಹದಿನಾಲ್ಕು ವರ್ಷ ಆಯ್ತು."

"ನೀವು ಹಾಕಿಸ್ಕೊಂಡ್ರಾ?"

ನಕ್ಕುಬಿಟ್ಟರು. "ನನಗ್ಯಾಕೆ ಮೇಡಂ? ಅವರಿಗೆ ಹಾಕಿಸಬೇಕು. ನಾನು ಗಟ್ಟಿ ಇದೀನಿ. ಇಬ್ಬರಿಗೂ ಅಂದ್ರೆ ಎಷ್ಟು ದುಡ್ಡು ಬೀಳುತ್ತೆ!"

ದುಡ್ಡಿನ ಮಾತು ನಿಜ. ದೊಡ್ಡವರಿಗೆ ಕೈಯಿಂದಲೇ ಹೋಗುತ್ತೆ, ಸಾವಿರದ ಲೆಕ್ಕದಲ್ಲಿ. 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇರುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು, ಬೀಡಿ ಸಿಗರೇಟು ಸೇದುವವರು ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು ಅಂತ ಹೇಳಿದೆ. ಆ ಪಟ್ಟಿಯಲ್ಲಿ ನೀವು ಎರಡು ಕಡೆ ಬರ್ತೀರಿ ಅಂದೆ. ತಲೆ ಆಡಿಸಿದರು, ಕಿವಿಗೆ ಹೋಗಲಿಲ್ಲ. ಆಗ ನನ್ನ ಬಾಯಿಂದ ಬಂದ ಮಾತು ಇದು: "ನೀವು ಮಲಗಿದ್ರೆ ಅವರನ್ನ ನೋಡೋರು ಯಾರಮ್ಮ?"

ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ, "ಅದೂ ಸರಿ ಅನ್ನಿ" ಅಂದರು. ಅಷ್ಟೇ, ಮುಗೀತು.

ನನಗೆ ಇವತ್ತಿಗೂ ಕಿರಿಕಿರಿ ಆಗುವುದು ಅಲ್ಲೇ. ಹದಿನಾಲ್ಕು ವರ್ಷದ ಶುಗರ್ ಸಾಕಾಗಲಿಲ್ಲ, ಗಂಡನ ಆರೈಕೆ ಅಂದ ತಕ್ಷಣ ಒಪ್ಪಿದರು. ಜೊತೆ ಕೆಲಸ ಮಾಡುವವರೊಬ್ಬರು ಬೈದರು ಕೂಡ, "ಅವರು ತಮ್ಮನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ ಅಂತ ಗೊತ್ತಿದ್ದೂ ನೀನು ಅದನ್ನೇ ಬಳಸಿಕೊಂಡೆ" ಅಂತ. ಇರಬಹುದು. ಆದರೆ ಆಕೆ ತನ್ನ ಜೀವಕ್ಕೂ ಬೆಲೆ ಇದೆ ಅಂದುಕೊಳ್ಳುವ ತನಕ ಕಾಯೋಣ ಅಂತ ನನಗೆ ಹೇಳಲಾಗಲಿಲ್ಲ. ಆ ಮಾತು ಮುಂದಿನ ಭೇಟಿಗಳಲ್ಲಿ ಆಡಿದೆವು, ಈಗಲೂ ಆಡುತ್ತಿದ್ದೇವೆ.

ಕೊಟ್ಟ ಸಲಹೆ ಇಷ್ಟು. ಗಂಡನ ಹತ್ತಿರ ವಾದ ಬೇಡ, "ನಾನು ಹಾಕಿಸ್ಕೋತೀನಿ, ಜೊತೆಗೆ ಬನ್ನಿ" ಅನ್ನಿ. ಇಬ್ಬರ ಮಾತ್ರೆ ಚೀಟಿನೂ ತಗೊಂಡು ಹೋಗಿ. ಈ ಲಸಿಕೆಯಲ್ಲೇ ಬೇರೆ ಬೇರೆ ಬಗೆ ಇವೆ, ಯಾವುದು ಅಂತ ಡಾಕ್ಟರು ಹೇಳ್ತಾರೆ: ಪಿಸಿವಿ 20 ಆದರೆ ಒಂದೇ ಡೋಸು, ಪಿಸಿವಿ 13 ಆದರೆ ಸಾಮಾನ್ಯವಾಗಿ ವರ್ಷದ ನಂತರ ಪಿಪಿಎಸ್‌ವಿ 23. ಇದರಲ್ಲಿ ಜೀವಂತ ರೋಗಾಣು ಇಲ್ಲ, ಇದರಿಂದ ನ್ಯುಮೋನಿಯಾ ಬರಲ್ಲ. ಫ್ಲೂ ಲಸಿಕೆ ಬೇರೆ, ಅದು ವರ್ಷವರ್ಷ. ಮತ್ತೆ, ಎಲ್ಲ ನ್ಯುಮೋನಿಯಾನೂ ಇದು ತಡೆಯಲ್ಲ, ಜ್ವರ ಬಂದು ಉಸಿರು ಕಟ್ಟಿದರೆ ಲಸಿಕೆ ಆಗಿದೆ ಅಂತ ಮನೇಲಿ ಕೂರಬೇಡಿ. ದುಡ್ಡು ಒಬ್ಬರಿಗೇ ಸಾಲುತ್ತೆ ಅಂದರೆ ಯಾರಿಗೆ ಮೊದಲು ಅಂತ ಡಾಕ್ಟರನ್ನೇ ಕೇಳಿ, ನೀವೇ ನಿಮ್ಮ ಹೆಸರು ಹೊಡೆದು ಹಾಕಬೇಡಿ.

ಚೀಟಿ ದುಡ್ಡು ಬಂದ ತಿಂಗಳು ಹೋದರಂತೆ. ಹೆಂಡತಿಗೆ ಜೊತೆಯಾಗಿ ಬಂದ ಯಜಮಾನರು, ಆಕೆ ತೋಳು ಒಡ್ಡಿದ್ದು ನೋಡಿ, "ನನಗೂ ಹಾಕಿ, ಇನ್ನೊಂದ್ಸಲ ಯಾರು ಬರ್ತಾರೆ" ಅಂದರಂತೆ.

"ಎರಡು ದಿನ ತೋಳು ನೋವು ಮೇಡಂ, ಮುದ್ದೆ ತಿರುವೋಕೆ ಆಗ್ಲಿಲ್ಲ" ಅಂದರು ಸರೋಜಮ್ಮ. "ಕೊನೆಗೆ ಅವರೇ ಕೋಲು ಹಿಡಿದ್ರು. ಬರೀ ಗಂಟು."