ಪಾಯ ತೆಗೆಯುವ ಮೊದಲೇ ಮೀಟರ್ ಜಾಗ ಗುರುತಿಸಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಶಿವಮೊಗ್ಗದಲ್ಲಿ ನಾವು ಮೂವರು ಅಣ್ಣತಮ್ಮಂದಿರು ಸೇರಿ 60×40 ಸೈಟಿನಲ್ಲಿ ಎಂಟು ಮನೆಗಳ ಕಟ್ಟಡ ಕಟ್ಟುತ್ತಿದ್ದೇವೆ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡೆರಡು ಮನೆ, ಒಂದು ಲಿಫ್ಟ್. ಮುಂದಿನ ತಿಂಗಳು ಪಾಯ ತೆಗೆಯಬೇಕು. ಕರೆಂಟಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲೆಕ್ಟ್ರಿಷಿಯನ್ ಪ್ರಕಾರ ಮನೆಗೆ 8 ಕಿಲೋವ್ಯಾಟ್ ಬೇಕು. ತಮ್ಮ 3 ಸಾಕು ಅನ್ನುತ್ತಾನೆ. ಮೇಸ್ತ್ರಿ, ‘ಮೀಟರ್ ಮೆಟ್ಟಿಲ ಕೆಳಗೆ ಇಟ್ಟರಾಯ್ತು, ಅದಕ್ಕೆಲ್ಲ ಈಗಲೇ ಯಾಕೆ ಯೋಚನೆ’ ಅನ್ನುತ್ತಾರೆ. ಒಂದೇ ಮೀಟರ್ ತಗೊಂಡು ಸಬ್-ಮೀಟರ್ ಹಾಕಿ ಅನ್ನುವವರೂ ಇದ್ದಾರೆ. ನಮಗೆ ಸ್ವಂತ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಬೇಕಾಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಷ್ಟ್ರೇ, ಪಾಯ ತೆಗೆಯುವ ಮೊದಲು ಈ ಕಾಗದ ಬರೆದಿರಲ್ಲ, ಅದೇ ನನಗೆ ದೊಡ್ಡ ಸಮಾಧಾನ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪ್ಲಾಸ್ಟರಿಂಗ್ ಮುಗಿದ ಮೇಲೆ ಬರುತ್ತವೆ. ಆಗ ಹೇಳಲು ನನ್ನ ಹತ್ತಿರ ಜಾಸ್ತಿ ಏನೂ ಉಳಿದಿರುವುದಿಲ್ಲ. ಮೂವತ್ತು ವರ್ಷ ಮೈಸೂರಿನಲ್ಲಿ ಲೈಸೆನ್ಸ್ ಪಡೆದ ಕಂಟ್ರಾಕ್ಟರ್ ಆಗಿ ಕೆಲಸ ಮಾಡಿದವನು ನಾನು. ಸ್ವಿಚ್ಚು, ಫ್ಯಾನು, ದೀಪ ಯಾವಾಗ ಬೇಕಾದರೂ ಬದಲಾಯಿಸಬಹುದು. ಅಲ್ಲಿ ಬೇಕಾದಷ್ಟು ಉಳಿಸಿ. ಆದರೆ ಮೀಟರ್ ಕೋಣೆಯ ಜಾಗ, ನೆಲದೊಳಗಿನ ಪೈಪು, ಅರ್ಥಿಂಗ್ ಗುಂಡಿ, ಕೆಳಗಿನಿಂದ ಬರುವ ಮುಖ್ಯ ಕೇಬಲ್, ಇವನ್ನು ಕಟ್ಟಡ ಎದ್ದ ಮೇಲೆ ಬದಲಾಯಿಸುವುದು ತುಂಬಾ ಕಷ್ಟ. ಅಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ.

ಮೊದಲು ಲೋಡ್. ಕಾಗದ ಪೆನ್ನು ಹಿಡಿದು ಒಂದು ಮನೆಯಲ್ಲಿ ಏನೇನಿದೆ ಬರೆಯಿರಿ. ಎರಡು ಬಚ್ಚಲಿಗೆ 2 ಕಿಲೋವ್ಯಾಟಿನ ಎರಡು ಗೀಸರ್, ಇಂಡಕ್ಷನ್ ಒಲೆ 2, ಒಂದೂವರೆ ಟನ್ ಎಸಿ ಸುಮಾರು 1.6, ಇಸ್ತ್ರಿ ಪೆಟ್ಟಿಗೆ 1, ಮಿಕ್ಸಿ, ಫ್ರಿಜ್, ವಾಷಿಂಗ್ ಮಷೀನ್, ಟಿವಿ ಸೇರಿ 1.7, ದೀಪ ಫ್ಯಾನ್ 0.7. ಒಟ್ಟು 11 ಕಿಲೋವ್ಯಾಟ್ ಆಯಿತು. ನಿಮ್ಮ ಎಲೆಕ್ಟ್ರಿಷಿಯನ್ ಇದನ್ನೇ ಕೂಡಿಸಿ ಸ್ವಲ್ಪ ಇಳಿಸಿ 8 ಅಂದಿರಬೇಕು. ಆದರೆ ಯಾವ ಮನೆಯಲ್ಲೂ ಇವೆಲ್ಲ ಒಟ್ಟಿಗೆ ಓಡುವುದಿಲ್ಲ. ಬೆಳಗಿನ ಹೊತ್ತು ಒಂದು ಗೀಸರ್, ಇಂಡಕ್ಷನ್, ಮಿಕ್ಸಿ, ಫ್ರಿಜ್ ಓಡಿದರೆ 5 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 22 ಆಂಪಿಯರ್. ಹಾಗಾಗಿ ಮನೆಗೆ 5 ಕಿಲೋವ್ಯಾಟ್ ಮಂಜೂರಾತಿ ಕೇಳಿ. ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟಬೇಕಲ್ವಾ? ಸುಮ್ನೆ 8 ಬರೆಸಿದರೆ ಬಳಸದ ಲೋಡಿಗೂ ದುಡ್ಡು ಹೋಗುತ್ತದೆ. ತಮ್ಮ ಹೇಳಿದ 3 ಮಾತ್ರ ಸಾಲದು. ಆದರೆ ಮೀಟರಿನಿಂದ ಮನೆಗೆ ಹೋಗುವ ವೈರು ಮಾತ್ರ 7-8 ಕಿಲೋವ್ಯಾಟ್ ತಾಳುವಂಥದ್ದೇ ಇರಲಿ. ಅಂಗಡಿಯಲ್ಲಿ ‘10 ಎಂಎಂ’ ತಾಮ್ರದ ವೈರ್ ಅಂತ ಕೇಳಿ. ಮುಂದೆ ಲೋಡ್ ಹೆಚ್ಚಿಸಬೇಕಾದರೆ ಒಂದು ಅರ್ಜಿ ಸಾಕು, ಗೋಡೆ ಒಡೆಯಬೇಕಾಗಿಲ್ಲ.

ಇನ್ನು ಇಡೀ ಕಟ್ಟಡದ ಲೆಕ್ಕ. ಎಂಟು ಮನೆಗೆ 40 ಕಿಲೋವ್ಯಾಟ್. ಕಾಮನ್ ಕಡೆ 5 ಎಚ್‌ಪಿ ಲಿಫ್ಟ್, 3 ಎಚ್‌ಪಿ ಬೋರ್‌ವೆಲ್, ಸಂಪಿನ 1 ಎಚ್‌ಪಿ ಮೋಟಾರು, ಮೆಟ್ಟಿಲ ದೀಪ ಸೇರಿ 8 ಹಿಡಿಯಿರಿ. ಎಂಟೂ ಮನೆ ಒಂದೇ ಕ್ಷಣದಲ್ಲಿ ಪೂರ್ತಿ ಲೋಡ್ ಎಳೆಯುವುದಿಲ್ಲ ಅಂತ ಕೆಲವರು ಮನೆಗಳ ಲೋಡಿನಲ್ಲಿ ಅರ್ಧ ಮಾತ್ರ ಹಿಡಿಯುತ್ತಾರೆ. ನಾನು ಹಿಡಿಯುವುದಿಲ್ಲ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಎಲ್ಲ ಮನೆಯಲ್ಲೂ ಸ್ನಾನ, ಎಲ್ಲ ಮನೆಯಲ್ಲೂ ತಿಂಡಿ. ನೀವು ತಾರಸಿ ಮೇಲೆ ಸೋಲಾರ್ ನೀರಿನ ಹೀಟರ್ ಹಾಕಿದರೂ ಮಲೆನಾಡಿನ ಆಷಾಢ-ಶ್ರಾವಣದ ಮಳೆಯಲ್ಲಿ ಎಂಟೂ ಮನೆಯವರು ಗೀಸರ್ ಒತ್ತುತ್ತಾರೆ. ಅದಕ್ಕೆ ನೂರಕ್ಕೆ 65ರಂತೆ 26 ಕಿಲೋವ್ಯಾಟ್, ಕಾಮನ್ 8 ಸೇರಿ 34 ಅಂತ ಇಟ್ಟುಕೊಳ್ಳಿ. ಮೂರು ಫೇಸಿಗೆ, ಅಂದರೆ ಕರೆಂಟು ತರುವ ಮೂರು ತಂತಿಗೆ, ಸಮನಾಗಿ ಹಂಚಿದರೆ ಫೇಸಿಗೆ ಸುಮಾರು 50 ಆಂಪಿಯರ್.

ಆದರೆ ಎಂಟು ಮನೆಯನ್ನು ಮೂರು ಫೇಸಿಗೆ ಸಮನಾಗಿ ಹಂಚಲು ಬರುವುದಿಲ್ಲ. ಮೂರು, ಮೂರು, ಎರಡು ಆಗುತ್ತದೆ. ಒಂದು ಫೇಸಿನ ಮೂರು ಮನೆಯೂ ಒಟ್ಟಿಗೆ 22 ಆಂಪಿಯರ್ ಎಳೆದರೆ 66. ಅದರ ಮೇಲೆ ಲಿಫ್ಟು, ಪಂಪಿನ ಪಾಲು 13. ಹತ್ತಿರ ಹತ್ತಿರ 80 ಆಯಿತು. ಹಾಗಾಗಿ ಮುಖ್ಯ ಸ್ವಿಚ್ 100 ಆಂಪಿಯರಿನ ನಾಲ್ಕು ಪೋಲಿನ ಎಂಸಿಸಿಬಿ ಇರಲಿ, ಅಂದರೆ ಲೋಡ್ ಮೀರಿದರೆ ಮೂರು ಫೇಸು, ನ್ಯೂಟ್ರಲ್ ನಾಲ್ಕನ್ನೂ ತಾನೇ ಕಡಿಯುವ ಸ್ವಿಚ್. ಕೇಬಲ್ 50 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್. ಅಂಗಡಿಯವರು ‘ಮೂರೂವರೆ ಕೋರ್’ ಕೊಡಲು ನೋಡುತ್ತಾರೆ. ಅದರಲ್ಲಿ ನ್ಯೂಟ್ರಲ್ ತಂತಿ ಅರ್ಧ ಗಾತ್ರದ್ದು, 25 ಮಾತ್ರ. ಬೇಡ ಅನ್ನಿ. ಪೂರ್ತಿ ನಾಲ್ಕು ಕೋರ್ ಕೇಬಲ್ ತನ್ನಿ. ಮನೆಗಳ ಲೋಡ್ ಸಮ ಇಲ್ಲದಿದ್ದಾಗ ಹೆಚ್ಚಾದ ಕರೆಂಟು ನ್ಯೂಟ್ರಲ್‌ನಲ್ಲೇ ವಾಪಸ್ ಹರಿಯುತ್ತದೆ. ಈಗಿನ ಎಲ್‌ಇಡಿ, ಇನ್ವರ್ಟರ್ ಎಸಿ, ಕಂಪ್ಯೂಟರುಗಳಿಂದಲೂ ನ್ಯೂಟ್ರಲ್ ಮೇಲೆ ಹೊರೆ ಬೀಳುತ್ತದೆ.

ನ್ಯೂಟ್ರಲ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. 2009ರಲ್ಲಿ ನಾನು ಕೆಲಸ ಮಾಡಿಸಿದ ಹನ್ನೆರಡು ಮನೆಗಳ ಕಟ್ಟಡವೊಂದರಿಂದ ಶನಿವಾರ ಸಂಜೆ ಫೋನ್ ಬಂತು. ಒಂದು ಮನೆಯಲ್ಲಿ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯುತ್ತಿದೆ, ಪಕ್ಕದ ಮನೆಯಲ್ಲಿ ಮಿಣುಕು. ನಾನು ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಮೂರು ಟಿವಿ, ಎರಡು ಫ್ರಿಜ್ ಸುಟ್ಟಿದ್ದವು. ಪ್ಯಾನೆಲ್ ತೆಗೆದು ನೋಡಿದರೆ ನ್ಯೂಟ್ರಲ್ ಲಗ್, ಅಂದರೆ ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ, ಕಪ್ಪಗಾಗಿ ಸಡಿಲ ಬಿದ್ದಿತ್ತು. ಅಲ್ಯೂಮಿನಿಯಂ ಕೇಬಲನ್ನು ಪ್ಯಾನೆಲಿನೊಳಗಿನ ತಾಮ್ರದ ಪಟ್ಟಿಗೆ (ಬಸ್‌ಬಾರ್) ಮಾಮೂಲಿ ಲಗ್ ಹಾಕಿ ಕೂಡಿಸಿದ್ದರು. ಎರಡು ಲೋಹ ನೇರವಾಗಿ ತಾಗಿದ ಕಡೆ ತೇವ ಸೇರಿ ಸವೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಬಿಟ್ಟುಕೊಳ್ಳುತ್ತದೆ. ನ್ಯೂಟ್ರಲ್ ಹೋದರೆ ಎರಡು ಫೇಸಿನ ನಡುವಿನ 400 ವೋಲ್ಟನ್ನು ಎರಡು ಮನೆಗಳು ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಮನೆಗೆ 300, 350 ಕೂಡ ಹೋಗಿಬಿಡುತ್ತದೆ. ಆ ಕೆಲಸಕ್ಕೆ ಸಹಿ ಹಾಕಿದವನು ನಾನು. ಒಂದು ಮನೆಯ ಅಜ್ಜಿ ಪಿಂಚಣಿ ಉಳಿಸಿ ಕೊಂಡಿದ್ದ ಟಿವಿ ಅದು. ಅವರ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಬೈಮೆಟಾಲಿಕ್ ಲಗ್, ಅಂದರೆ ಈ ಎರಡೂ ಲೋಹ ಕೂಡಿಸಿ ಮಾಡಿದ ಲಗ್, ಇಲ್ಲದೆ ಪ್ಯಾನೆಲ್ ಮುಚ್ಚಲು ನಾನು ಬಿಟ್ಟಿಲ್ಲ. ನೀವೂ ಬಿಡಬೇಡಿ. ವೋಲ್ಟೇಜ್ ಏರಿದರೆ ಮುಖ್ಯ ಸ್ವಿಚ್ಚನ್ನೇ ಬೀಳಿಸುವ ರಿಲೇ ಒಂದನ್ನೂ ಹಾಕಿಸಿ. ಎಂಟು ಮನೆಗೆ ಹಂಚಿದರೆ ಅದರ ಖರ್ಚು ಗೊತ್ತೇ ಆಗುವುದಿಲ್ಲ.

ಮೆಟ್ಟಿಲ ಕೆಳಗೆ ಮೀಟರ್ ಬೇಡವೇ ಬೇಡ. ಮೇಸ್ತ್ರಿಗೆ ಅದು ಖಾಲಿ ಜಾಗ. ಆದರೆ ಬೆಂಕಿ ಹತ್ತಿದ ದಿನ ನಾಲ್ಕನೇ ಮಹಡಿಯವರು ಇಳಿದು ಬರಬೇಕಾದದ್ದು ಅದೇ ಮೆಟ್ಟಿಲಲ್ಲಿ. ಪ್ಯಾನೆಲ್ ಹೊತ್ತಿಕೊಂಡರೆ ಹೊಗೆ ಮೆಟ್ಟಿಲ ದಾರಿಯನ್ನೇ ತುಂಬುತ್ತದೆ. ಪಾರ್ಕಿಂಗಿನಲ್ಲಿ ರಸ್ತೆ ಕಡೆಯ ಗೋಡೆಗೆ, ಗಾಳಿಯಾಡುವ ಕಡೆ ಜಾಗ ಮಾಡಿ. ಮುಂದೆ ಕನಿಷ್ಠ ಒಂದು ಮೀಟರ್ ಬಯಲು ಬಿಡಬೇಕು. ಅಲ್ಲಿ ಬೈಕ್ ನಿಲ್ಲಿಸದಂತೆ ಈಗಲೇ ಸಣ್ಣ ಕಟ್ಟೆ ಹಾಕಿಸಿ. ಮೇಲೆ ಬಚ್ಚಲು ಪೈಪ್ ಹಾದುಹೋಗಬಾರದು, ಪಕ್ಕದಲ್ಲಿ ಸಂಪು ಇರಬಾರದು, ನೆಲ ಪಾರ್ಕಿಂಗಿಗಿಂತ ಒಂದು ಅಡಿ ಎತ್ತರ ಇರಲಿ. ನಿಮ್ಮೂರಿನ ಮಳೆ ನಿಮಗೆ ನಾನು ಹೇಳಬೇಕಾಗಿಲ್ಲ. ವೈರುಗಳು ಮೇಲೆ ಹೋಗುವ ಶಾಫ್ಟ್ ಇದೆಯಲ್ಲ, ಪ್ರತಿ ಮಹಡಿಯಲ್ಲೂ ಆ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸಿ. ಇಲ್ಲದಿದ್ದರೆ ಅದು ಒಲೆಯ ಚಿಮಣಿಯ ಹಾಗೆ ಕೆಲಸ ಮಾಡುತ್ತದೆ. ಪ್ಲಿಂತ್ ಬೀಮ್ ಹಾಕುವಾಗ ರಸ್ತೆಯಿಂದ ಮೀಟರ್ ಕೋಣೆಗೆ ನಾಲ್ಕು ಇಂಚಿನ ಎರಡು ಪೈಪ್ ಹೂಳಿಸಿ. ಒಂದು ಈಗಿನ ಕೇಬಲಿಗೆ, ಒಂದು ಖಾಲಿ ಇರಲಿ. ಮುಂದಿನ ತಿಂಗಳೇ ಆಗಬೇಕಾದ ಕೆಲಸ ಇದು.

ಸಬ್-ಮೀಟರ್ ಮಾತು ಬಿಟ್ಟುಬಿಡಿ. ಎಂಟು ಮನೆಗೆ ಎಂಟು ಮೀಟರ್, ಕಾಮನ್‌ಗೆ ಒಂಬತ್ತನೆಯದು. ಪ್ರತಿ ಮನೆಗೂ ತನ್ನದೇ ಆರ್.ಆರ್. ನಂಬರ್ ಇರಬೇಕು. 2023ರ ಆಗಸ್ಟಿನಿಂದ ಸಿಗುತ್ತಿರುವ ಗೃಹಜ್ಯೋತಿ, ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್, ಸಿಗುವುದೂ ಆ ನಂಬರಿನ ಮೇಲೆಯೇ. ಸಬ್-ಮೀಟರ್ ಹಾಕಿದರೆ ಎಂಟು ಮನೆಯೂ ಒಂದೇ ಬಿಲ್ಲಿನಲ್ಲಿ ಬರುತ್ತವೆ, ತಿಂಗಳಿಗೊಂದು ಜಗಳ ಗ್ಯಾರಂಟಿ. ಅಣ್ಣತಮ್ಮಂದಿರ ನಡುವೆ ಅದು ಬೇಡ. ಇನ್ನೊಂದು: ಪ್ರತಿ ಮೀಟರಿನಿಂದ ಫೇಸ್ ಜೊತೆಗೆ ಅದರದೇ ನ್ಯೂಟ್ರಲ್ ಮೇಲೆ ಹೋಗಬೇಕು. ವೈರ್ ಉಳಿಸಲು ಎರಡು ಮನೆಗೆ ಒಂದೇ ನ್ಯೂಟ್ರಲ್ ಎಳೆಯುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಆಮೇಲೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, ಸುಮ್ಮಸುಮ್ಮನೆ ಬೀಳುತ್ತದೆ. ಮನೆಯವರು ಬೇಸತ್ತು ಅದನ್ನೇ ಕಿತ್ತುಹಾಕಿಸುತ್ತಾರೆ.

ಆ ಆರ್‌ಸಿಸಿಬಿ ಜೀವ ಉಳಿಸುವ ವಸ್ತು, ಮೇಷ್ಟ್ರೇ. ‘ಅರ್ಥಿಂಗ್ ಚೆನ್ನಾಗಿದೆ, ಅದು ಯಾಕೆ’ ಅಂತ ಕೇಳುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ನಿಮ್ಮ ಅರ್ಥಿಂಗ್ ರೋಧ 20 ಓಮ್ ಅಂದುಕೊಳ್ಳಿ. ಬೇಸಿಗೆಯಲ್ಲಿ ಕೆಂಪು ಕಲ್ಲುಮಣ್ಣಿನಲ್ಲಿ ಅಷ್ಟು ಆಗುವುದು ಹೊಸದೇನಲ್ಲ. ಗೀಸರಿನ ಫೇಸ್ ಅದರ ಮೈಗೆ ತಾಗಿತು. 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. 20 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳುವುದೇ ಇಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೇ ಉಳಿಯುತ್ತದೆ. ಒದ್ದೆ ಕೈಯ ಮಗು ನಲ್ಲಿ ಮುಟ್ಟುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿತ. ಮನೆಗೆ ಎರಡು ಹಾಕಿಸಿ. ಬಚ್ಚಲಲ್ಲಿ ದೋಷ ಬಂದರೆ ಫ್ರಿಜ್ ಆರಬಾರದು. ಅರ್ಥಿಂಗ್ ಗುಂಡಿಗಳನ್ನು ಅಂಗಳಕ್ಕೆ ಕಲ್ಲು ಹಾಸುವ ಮೊದಲೇ ತೋಡಿಸಿ, ಎಲ್ಲವನ್ನೂ ಒಂದಕ್ಕೊಂದು ಪಟ್ಟಿಯಿಂದ ಕೂಡಿಸಿ, ಏಪ್ರಿಲ್‌ನಲ್ಲಿ ಅರ್ಥಿಂಗ್ ರೋಧ ಅಳೆಸಿ. ಮಳೆಗಾಲದ ಅಳತೆಯನ್ನು ನಂಬಬೇಡಿ. ಮುಂಗಾರಿಗೆ ಮೊದಲಿನ ಗುಡುಗು ಮಿಂಚಿಗೆ ಮುಖ್ಯ ಪ್ಯಾನೆಲಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಇರಲಿ.

ಟಿಸಿ ವಿಷಯ: ಅಲ್ಲಿ ನೋಡುವುದು ನಾನು ಮೇಲೆ ಹೇಳಿದ 34 ಅಲ್ಲ, ಒಂಬತ್ತೂ ಮೀಟರ್ ಸೇರಿ ನೀವು ಕೇಳುವ 48 ಕಿಲೋವ್ಯಾಟ್. ಮನೆಗೆ 8 ಬರೆಸಿದ್ದರೆ ಅದು 72 ಆಗುತ್ತಿತ್ತು. ಈ ವಾರವೇ ಮೆಸ್ಕಾಂ ಸೆಕ್ಷನ್ ಆಫೀಸಿಗೆ ನಕ್ಷೆ ತಗೊಂಡು ಹೋಗಿ. ನಿಮ್ಮ ರಸ್ತೆಯ ಟಿಸಿಯಲ್ಲಿ ಎಷ್ಟು ಲೋಡ್ ಉಳಿದಿದೆ, ಸ್ವಂತ ಟಿಸಿಯ ಮಿತಿ ಈಗ ಎಷ್ಟಿದೆ, ಬರಹದಲ್ಲಿ ಕೇಳಿ. ಬೇಕು ಅಂದರೆ ಅದರ ಜಾಗ ನಕ್ಷೆಯಲ್ಲಿ ಈಗಲೇ ಬರಬೇಕು. ನಕ್ಷೆ ಮೀರಿ ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಒಸಿ ತೋರಿಸಿದ ಮೇಲೆಯೇ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾರಸಿ ಮೇಲೆ ಇನ್ನೊಂದು ಮನೆ ಎಬ್ಬಿಸಲು ಹೋಗಿ ಎಂಟೂ ಮನೆಯ ಮೀಟರ್ ನಿಲ್ಲುವುದು ಬೇಡ.

ಜನರೇಟರ್ ಇಡುವುದಾದರೆ ಅದಕ್ಕೆ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಜನರೇಟರೂ ಮೆಸ್ಕಾಂ ಲೈನೂ ಒಟ್ಟಿಗೆ ಕೂಡಿಕೊಂಡರೆ ನಿಮ್ಮ ಕರೆಂಟು ರಸ್ತೆಯ ಲೈನಿಗೆ ಹೋಗುತ್ತದೆ. ಲೈನ್ ಆಫ್ ಆಗಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಬದುಕುವುದಿಲ್ಲ.

ಪ್ರಶ್ನೆ: ಮಂಗಳೂರಿನ ಹದಿನಾರು ಮನೆಗಳ ಕಟ್ಟಡದಲ್ಲಿ ಇದ್ದೇನೆ. ಎಲೆಕ್ಟ್ರಿಕ್ ಕಾರು ತಗೊಂಡೆ. ಕಾಮನ್ ಮೀಟರಿನಿಂದ ಚಾರ್ಜ್ ಮಾಡಲು ಅಸೋಸಿಯೇಷನ್ ಬಿಡುತ್ತಿಲ್ಲ. ಅವರು ಮಾಡುತ್ತಿರುವುದು ಸರಿಯೇ?

ಉತ್ತರ: ಸರಿ, ತಾಯಿ. ಗೀಸರ್ ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ನಿಮ್ಮ 7.2 ಕಿಲೋವ್ಯಾಟಿನ ಚಾರ್ಜರ್ 31 ಆಂಪಿಯರನ್ನು ಐದಾರು ಗಂಟೆ ಬಿಡದೆ ಎಳೆಯುತ್ತದೆ. ಕಾಮನ್ ಮೀಟರಿನ ವೈರು ಲಿಫ್ಟಿಗೂ ಪಂಪಿಗೂ ಹಾಕಿದ್ದು. ನಿಮ್ಮ ಮನೆಯ ಮೀಟರಿನಿಂದಲೇ ಪಾರ್ಕಿಂಗಿಗೆ ಬೇರೆ ಲೈನ್ ಎಳೆಸಿ, 10 ಎಂಎಂ ವೈರು, ಬೇರೆ ಎಂಸಿಬಿ, ಚಾರ್ಜರಿಗೆಂದೇ ಬರುವ ಆರ್‌ಸಿಸಿಬಿ. ಮೊದಲು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಟವಾದರೆ 3.3 ಕಿಲೋವ್ಯಾಟಿನ ಚಾರ್ಜರ್ ಧಾರಾಳ ಸಾಕು, ರಾತ್ರಿ ಹತ್ತರ ಮೇಲೆ ಹಾಕಿದರೆ ಬೆಳಿಗ್ಗೆಗೆ ತಯಾರು. ಅಸೋಸಿಯೇಷನ್ ಸಭೆಯಲ್ಲಿ ಇನ್ನೊಂದು ಮಾತು ಎತ್ತಿ: ಇವತ್ತು ನಿಮ್ಮದೊಂದು ಕಾರು, ನಾಳೆ ಎಂಟು ಬಂದರೆ ಮುಖ್ಯ ಕೇಬಲ್ ತಾಳುತ್ತದೆಯೇ ಅಂತ ಲೈಸೆನ್ಸ್ ಇರುವವರಿಂದ ಒಮ್ಮೆ ಅಳೆಸಲಿ. ಅಳತೆ ಬೆಳಿಗ್ಗೆ ಏಳು ಗಂಟೆಗೆ ಆಗಲಿ, ಮಧ್ಯಾಹ್ನ ಬೇಡ.